ಒಂದೇ ತಿಂಗಳಲ್ಲಿ ಎರಡು ಸಲ

ಭೋಜ ಎಂಬ ಊರಿನ ಬಸದಿ ಓಣಿಯಲ್ಲಿ ಯಾರ ಮನೆಯ ಹೆಣ್ಣು ಯಾವಾಗ ಹೊರಗಾದಳೆಂದು ಡಂಗುರ ಸಾರುವ ಅಗತ್ಯವಿರಲಿಲ್ಲ. ಪ್ರತಿ ಮನೆಯ ಹಿತ್ತಿಲಲ್ಲೂ ಒಂದು ಕಲ್ಲಿನ ಕಟ್ಟೆ, ಅದರ ಮೇಲೊಂದು ತಗಡಿನ ಚಪ್ಪರ. ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ತಮ್ಮ ತಾಟು, ತಂಬಿಗೆ, ಕಂಬಳಿ ಹಿಡಿದುಕೊಂಡು ಅಲ್ಲಿ ಕೂರಬೇಕು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಹಿತ್ತಿಲುಗಳ ನಡುವಿನ ಗೋಡೆಗಳು ಎದೆಮಟ್ಟದವು. ಕಟ್ಟಿಸಿದ ಹಿರಿಯರಿಗೆ ಕಲ್ಲು ಸಾಲಲಿಲ್ಲವೋ, ನೆರೆಮನೆಯ ಸುದ್ದಿಯಿಲ್ಲದೆ ಉಂಡದ್ದು ಅರಗುತ್ತಿರಲಿಲ್ಲವೋ ಗೊತ್ತಿಲ್ಲ. ಗೋಡೆಗಳಂತೂ ಹಾಗೇ ಉಳಿದಿದ್ದವು.

ಭಾವುಸಾಹೇಬ ಪಾಟೀಲರ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ ಜಿನಮತಿ ತಪ್ಪದೆ ಕೂರುತ್ತಿದ್ದಳು. ಮಗಳು ಸುಗಂಧಾ ಮಾತ್ರ ದಸರೆಯಿಂದ ಈಚೆಗೆ ಅತ್ತ ಸುಳಿದಿರಲಿಲ್ಲ. ಇದನ್ನು ಮೊದಲು ಬಾಯಿಬಿಟ್ಟು ಆಡಿದವಳು ಪಕ್ಕದ ಮನೆಯ ಸುಂದ್ರವ್ವ. ಗೋಡೆಯ ಆಚೆ ಹಪ್ಪಳ ಒಣಹಾಕುತ್ತ ಆಕೆ ತೀರಾ ಸಹಜವಾಗಿ ಕೇಳಿದಳು.

"ಅಲ್ಲ ಜಿನಮತಿ, ನಿನ್ನ ಮಗಳಿಗೆ ಕಟ್ಟಿ ಮರತ ಹೋತೇನ? ದಸರಾಕ್ಕ ಕಂಡಾಕಿ ಮತ್ತ ಕಾಣವಲ್ಲಳು."

"ಕಾಲೇಜು, ಓಟ, ಬಸ್ಸಿನ್ಯಾಗ ಅಡ್ಡಾಟ... ಹಿಂದ ಮುಂದ ಆಗತೈತಿ ಅಕ್ಕಾ."

"ಹಿಂದ ಮುಂದ ಆಗೂದು ಬ್ಯಾರೆ, ಆಗದ ಇರೂದು ಬ್ಯಾರೆ," ಎಂದು ಸುಂದ್ರವ್ವ ಮತ್ತೊಂದು ಹಪ್ಪಳ ಹಾಸಿದಳು.

ಜಿನಮತಿ ಬೆರಳು ಮಡಚಿ ತಿಂಗಳು ಎಣಿಸಿದಳು. ಸಂಕ್ರಾಂತಿ ಹತ್ತಿರ ಬಂದಿತ್ತು. ತಾಯಿಯಾದ ತಾನು ಇದನ್ನು ಕಂಡೂ ಕಾಣದ ಹಾಗೆ ಇದ್ದದ್ದು ಹೇಗೆ? ನಿಜ ಹೇಳಬೇಕೆಂದರೆ ಅವಳು ಕಂಡಿದ್ದಳು. ಮಗಳು ಓಡಾಟದ ದಣಿವಿನಲ್ಲಿ ಮರೆಮಾಚುತ್ತಿದ್ದಾಳೆ, ಕಟ್ಟೆಯ ಮೇಲೆ ಕೂತರೆ ಓಟ ತಪ್ಪುತ್ತದೆಂದು ಸುಮ್ಮನಿದ್ದಾಳೆ ಎಂದುಕೊಂಡು ತಾನೂ ಸುಮ್ಮನಿದ್ದಳು. ಇದಕ್ಕಿಂತ ಕೆಟ್ಟದ್ದೊಂದು ಇರಬಹುದೆಂಬ ಯೋಚನೆಯನ್ನು ಸುಂದ್ರವ್ವನ ಹಪ್ಪಳ ತಂದುಕೊಟ್ಟಿತು.

ಸುಗಂಧಾ ಚಿಕ್ಕೋಡಿ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಓದುತ್ತಿದ್ದಳು ಎನ್ನುವುದಕ್ಕಿಂತ ಓಡುತ್ತಿದ್ದಳು ಎನ್ನುವುದೇ ಸರಿ. ಧಾರವಾಡದ ಕ್ರೀಡಾಕೂಟದಲ್ಲಿ ಮೂರು ಸಾವಿರ ಮೀಟರು ಓಡಿ, ಎರಡನೆಯವಳು ಇನ್ನೂ ಅರ್ಧ ಸುತ್ತು ಹಿಂದಿರುವಾಗಲೇ ಗುರಿ ಮುಟ್ಟಿದ್ದಳು. ಕೊಲ್ಲಾಪುರದ ಮರಾಠಿ ಪೇಪರಿನಲ್ಲಿ ಬಂದ ಅವಳ ಫೋಟೋವನ್ನು ಭಾವುಸಾಹೇಬರು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲೆಲ್ಲ ತೋರಿಸಿ ಬಂದಿದ್ದರು. ಜನವರಿ ಕೊನೆಗೆ ಬೆಳಗಾವಿಯಲ್ಲಿ ಆಯ್ಕೆ ಇತ್ತು. ಅಲ್ಲಿ ಗೆದ್ದರೆ ಬೆಂಗಳೂರಿನ ಕ್ರೀಡಾ ಹಾಸ್ಟೆಲು, ಊಟ, ವಸತಿ, ದೊಡ್ಡ ತರಬೇತಿ. "ಆರಿಸಿ ಬಂದ್ರ ಓಡಲಿ, ಇಲ್ಲಂದ್ರ ಬೇಸಿಗಿಗೆ ಲಗ್ನ," ಎಂದು ಭಾವುಸಾಹೇಬರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಆ ಒಂದು ದಿನಕ್ಕಾಗಿ ಹುಡುಗಿ ಕೋಳಿ ಕೂಗುವ ಮೊದಲೇ ಎದ್ದು ಹೊಳೆಯ ದಾರಿಯಲ್ಲಿ ಓಡುತ್ತಿದ್ದಳು. ಸಂಜೆ ಕಾಲೇಜು ಮೈದಾನದಲ್ಲಿ ಜ್ಞಾನದೇವ ಸರ ಸೀಟಿ ಊದಿದಷ್ಟು ಸಲ ಮತ್ತೆ ಓಡುತ್ತಿದ್ದಳು.

ಅಂದು ಮಗಳು ಬಂದಾಗ ಜಿನಮತಿ ಅವಳ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. ಕೈಗೆ ಸಿಕ್ಕ ರಟ್ಟೆ ಬರೀ ಎಲುಬು.

"ಖರೇ ಹೇಳು. ಏನ ಮಾಡ್ಕೊಂಡಿ?"

ಸುಗಂಧಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕಳು. ತಾಯಿಯ ಮುಖ ನೋಡಿದ ಮೇಲೆ ಅತ್ತಳು.

"ನಿನ್ನ ಆಣಿ ಅವ್ವಾ, ಏನೂ ಇಲ್ಲ. ಬರೂದು ತಾನ ನಿಂತೈತಿ. ನನಗೂ ಅಂಜಿಕಿ ಆಗೇತಿ. ಯಾರಿಗೆ ಹೇಳ್ಲಿ?"

ಹಡೆದ ತಾಯಿಗೆ ಮಗಳ ಸುಳ್ಳು ಯಾವುದು, ನಿಜ ಯಾವುದು ಎಂದು ಗೊತ್ತಾಗುತ್ತದೆ. ಜಿನಮತಿ ನಂಬಿದಳು. ಆದರೆ ತಾನೊಬ್ಬಳು ನಂಬಿದರೆ ಸಾಲದೆಂಬುದೂ ಅವಳಿಗೆ ಗೊತ್ತಿತ್ತು. ಮರುದಿನ ಬಳೆ ಇಡಿಸುವ ನೆಪ ಹೇಳಿ ಮಗಳನ್ನು ಚಿಕ್ಕೋಡಿಯ ಹೆಣ್ಣು ಡಾಕ್ಟರ ಬಳಿಗೆ ಕರೆದೊಯ್ದಳು; ಜನ ಅವರನ್ನು ಡಾಕ್ಟರ ಬಾಯಿ ಎಂದೇ ಕರೆಯುತ್ತಿದ್ದರು.

ಡಾಕ್ಟರ ಬಾಯಿ ಪರೀಕ್ಷೆ ಮಾಡಿ, ಕಣ್ಣ ರೆಪ್ಪೆ ಎಳೆದು ನೋಡಿ, ತೂಕ ಹಾಕಿ, ಕೊನೆಗೆ ಊಟದ ವಿಚಾರ ಎತ್ತಿದರು. ಹುಡುಗಿ ಹೇಳುತ್ತ ಹೋದಳು. ಮುಂಜಾನೆ ಚಹಾ. ಮಧ್ಯಾಹ್ನ ಎರಡು ರೊಟ್ಟಿ. ಸಂಜೆಯ ಬಸ್ಸು ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಸಣ್ಣವಳಿದ್ದಾಗ ಅಜ್ಜಿ ಅಕ್ಕುತಾಯಿ ಬಸದಿಯಲ್ಲಿ ಕೊಡಿಸಿದ ನೇಮ ಅದು.

"ಹುಡುಗಿದೇನೂ ತಪ್ಪಿಲ್ರಿ," ಎಂದರು ಡಾಕ್ಟರ ಬಾಯಿ. "ಮನಿಯಾಗ ಜ್ವಾಳ ಕಡಿಮಿ ಬಿದ್ರ ನೀವು ಮೊದಲ ಹಬ್ಬದ ಖರ್ಚು ನಿಲ್ಲಸ್ತೀರಿ, ಹೌದಲ್ರಿ? ಮೈನೂ ಹಂಗ. ಈಕಿ ಉಣ್ಣೂದಕಿಂತ ಸುಡೂದು ಜಾಸ್ತಿ ಆಗೇತಿ. ಮೊದಲ ಜೀವಾ ನಡೀಲಿ, ಹಡಿಯೂ ತಯಾರಿ ಆಮ್ಯಾಲ ಅಂತ ಮೈ ಅದನ್ನ ಬಂದ್ ಮಾಡೇತಿ. ಹೊರದೇಶದ ಓಟಗಾರ್ತ್ಯಾರಿಗೂ ಹಿಂಗ ಆಗತೈತಿ, ಪುಸ್ತಕದಾಗ ಬರದಾರ. ಹಿಂಗ ಬಿಟ್ರ ಎಲುಬು ಟೊಳ್ಳ ಬೀಳತಾವ. ಹೊಟ್ಟಿ ತುಂಬ ಉಣಸ್ರಿ, ತಾನ ಬರತೈತಿ. ಬಂತಂದ್ರ ಮೈ ಸುಧಾರಸಾಕತ್ತೈತಿ ಅಂತ ತಿಳೀರಿ."

ಜಿನಮತಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಹೊರಗೆ ಬಂದು ಮಗಳಿಗೆ ಬಾಳೆಹಣ್ಣು ಕೊಡಿಸಿ, ತಿನ್ನುವವರೆಗೆ ಎದುರಿಗೇ ನಿಂತಳು. ಆಮೇಲೆ ಧೈರ್ಯ ಮಾಡಿ ಮೈದಾನಕ್ಕೂ ಹೋದಳು. ಜ್ಞಾನದೇವ ಸರ ಒಳ್ಳೆಯ ಮನುಷ್ಯ. ಪಟಿಯಾಲಾಕ್ಕೆ ಹೋಗಿ ತರಬೇತಿ ಪಡೆದು ಬಂದವರು. ಎಷ್ಟು ಓಡಿಸಬೇಕು, ನಾಡಿ ಎಷ್ಟಕ್ಕೆ ಇಳಿದ ಮೇಲೆ ಮತ್ತೆ ಓಡಿಸಬೇಕು ಎಲ್ಲ ಬಲ್ಲವರು. ಸುಗಂಧಾ ಇಳಿದುಹೋದಷ್ಟೂ ಅವರು ಖುಷಿಪಟ್ಟಿದ್ದರು, ತೂಕ ಇಳಿದರೆ ಓಟ ಚುರುಕಾಗುತ್ತದೆಂದು ಅವರು ಓದಿದ್ದು. ಜಿನಮತಿ ಸೆರಗು ಕಚ್ಚಿಕೊಂಡು ಅರ್ಧಂಬರ್ಧ ಹೇಳಿದಾಗ ಅವರ ಕಿವಿ ಕೆಂಪಾದವು.

"ನಮಗ ಇದನ್ನ ಯಾರೂ ಕಲಿಸಿಲ್ರಿ ತಾಯಿ," ಎಂದರು ನೆಲ ನೋಡುತ್ತ. "ನಮ್ಮ ಪುಸ್ತಕದಾಗಿನ ಚಿತ್ರ ಎಲ್ಲಾ ಗಂಡಸರವು."

ಅಂದಿನಿಂದ ಅವರು ಸಂಜೆಯ ಓಟ ಕಡಿಮೆ ಮಾಡಿದರು. ಹೊತ್ತು ಮುಳುಗುವ ಮುನ್ನ ಸುಗಂಧಾ ಮೈದಾನದ ಅಂಚಿನಲ್ಲೇ ಕೂತು ಡಬ್ಬಿ ಬಿಚ್ಚುವಂತಾಯಿತು. ಜಿನಮತಿ ಆ ಡಬ್ಬಿಗೆ ತುಪ್ಪ ಸವರಿದ ಚಪಾತಿ, ಶೇಂಗಾ ಹೋಳಿಗೆ, ಹೆಸರುಕಾಳಿನ ಪಲ್ಯ ತುರುಕುತ್ತಿದ್ದಳು. ಮಗಳ ಓಟಕ್ಕೆ ತನ್ನ ಕೈಯಿಂದಲೂ ಏನೋ ಸೇರುತ್ತಿದೆ ಎಂಬ ಸಂತೋಷ ಅವಳಿಗೆ ಹೊಸದು. ಲಟ್ಟಣಿಗೆ ಒತ್ತುವಾಗ ಹಾಡು ಕೂಡ ಬರುತ್ತಿತ್ತು.

ಆದರೆ ಓಣಿಗೆ ಏನು ಹೇಳುವುದು? ಮೈಯ ಲೆಕ್ಕವನ್ನು ಡಾಕ್ಟರ ಬಾಯಿ ಬಿಡಿಸಿ ಹೇಳಿದರೇನಂತೆ, ಅದನ್ನು ಹಿಡಿದುಕೊಂಡು ಗೋಡೆ ಗೋಡೆಗೆ ಹೋಗಿ ಸಾರಲಾಗುತ್ತದೆಯೇ? ಓಡುವ ಹುಡುಗಿಗೆ ಮುಟ್ಟು ನಿಲ್ಲುತ್ತದೆ ಎಂದರೆ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಸುಂದ್ರವ್ವ ನಗುತ್ತಾಳೆ. ಅತ್ತೆ ಅಕ್ಕುತಾಯಿ ಈಗಾಗಲೇ ಎರಡು ಸಲ ಮೊಮ್ಮಗಳ ಹೊಟ್ಟೆಯ ಕಡೆ ನೋಡಿದ್ದಳು. ಭಾವುಸಾಹೇಬರ ಕಿವಿಗೆ ಬಿದ್ದರಂತೂ ಬೆಳಗಾವಿಯ ಮಾತೇ ಇಲ್ಲ. ಆಗ ಜಿನಮತಿಗೆ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ನಾಳಿಂದ ಕಟ್ಟಿ ಮ್ಯಾಲ ಕುಂಡ್ರು," ಎಂದಳು ಮಗಳಿಗೆ.

"ಆಗಿಲ್ಲಲ್ಲ ಅವ್ವಾ."

"ಆಗಿಲ್ಲ ಅನ್ನೂದು ನಿನಗ ನನಗ ಗೊತ್ತು. ಕುಂಡ್ರು ಅಂದ್ರ ಕುಂಡ್ರು. ಆಯ್ಕಿಗೆ ಇನ್ನೂ ದಿನಾ ಐತಿ, ಅಷ್ಟರಾಗ ಎದ್ದಿರ್ತಿ."

ಸುಗಂಧಾ ತಾಟು, ತಂಬಿಗೆ, ಕಂಬಳಿ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಕೂತಳು. ಸುಂದ್ರವ್ವ ಗೋಡೆಯ ಮೇಲಿಂದ ನೋಡಿದಳು. ಸಂಜೆಯೊಳಗೆ ಓಣಿಯ ಬಾಯಿ ಮುಚ್ಚಿತು. ಅಕ್ಕುತಾಯಿ ಬಸದಿಗೆ ಹೋಗಿ ಬಂದು, "ಹುಡುಗೀಗಿ ಒಂದ ವಾಟಗಾ ಹಾಲ ಹೆಚ್ಚಿಗಿ ಕೊಡು," ಎಂದಳು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ನಿದ್ದೆ ಕೆಡಿಸಿಕೊಂಡೆನಲ್ಲ ಎಂದು ಜಿನಮತಿ ತನ್ನ ಜಾಣತನಕ್ಕೆ ತಾನೇ ಬೆರಗಾದಳು. ನಾಲ್ಕನೆಯ ದಿನ ಮಗಳು ಮಿಂದು ಎದ್ದು ಓಡಲು ಹೋದಳು. ಆ ವಾರವೇ ಜ್ಞಾನದೇವ ಸರ ಗಡಿಯಾರ ಎರಡು ಸಲ ನೋಡಿಕೊಂಡರಂತೆ. ಇಷ್ಟು ವೇಗವಾಗಿ ಅವಳು ಎಂದೂ ಓಡಿರಲಿಲ್ಲ.

ಆಯ್ಕೆಯ ಮುನ್ನಾದಿನ ಬೆಳಗ್ಗೆ ಊರಲ್ಲಿ ದಿಗಂಬರ ಮುನಿಗಳೊಬ್ಬರಿದ್ದರು. ಸದಲಗಾದ ಕಡೆಯಿಂದ ನಡೆಯುತ್ತ ಬಂದು ಬಸದಿಯಲ್ಲಿ ತಂಗಿದ್ದರು. ಅವರು ದಿನಕ್ಕೆ ಒಂದೇ ಸಲ ಆಹಾರ ತೆಗೆದುಕೊಳ್ಳುವವರು, ಅದನ್ನೂ ನಿಂತುಕೊಂಡು ಕೈಬೊಗಸೆಯಲ್ಲಿ. ಯಾರ ಮನೆಯ ಮುಂದೆ ನಿಲ್ಲುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಓಣಿಯ ಮನೆಮನೆಯಲ್ಲೂ ಮಡಿಯಲ್ಲಿ ಅಡಿಗೆಯಾಗಿ, ಮನೆಮಂದಿ ಕಳಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಅಕ್ಕುತಾಯಿ ಎಷ್ಟೋ ವರ್ಷಗಳಿಂದ ಹೀಗೆ ನಿಂತಿದ್ದಳು. ಒಮ್ಮೆಯೂ ಮುನಿಗಳ ಹೆಜ್ಜೆ ಅವಳ ಬಾಗಿಲಲ್ಲಿ ನಿಂತಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಎಂಬುದು ಅವಳ ಒಂದೇ ಆಸೆ.

ಸುಗಂಧಾ ನಸುಕಿನಲ್ಲೇ ಮಿಂದು, ಮಡಿ ಉಟ್ಟು, ಬಾವಿಯಿಂದ ನೀರು ಸೇದಿ ಸೋಸಿ ತಂದು ಅಡಿಗೆಗೆ ಕೊಟ್ಟಿದ್ದಳು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕು, ಚಿಕ್ಕೋಡಿಯಲ್ಲಿ ಜ್ಞಾನದೇವ ಸರ, ಬೇರೆ ಹುಡುಗಿಯರು ಕಾಯುತ್ತಿರುತ್ತಾರೆ. ಚೀಲ ಕಟ್ಟಿ ಇಟ್ಟಾಗಿತ್ತು. ಜಿನಮತಿ ಮಡಿಸೀರೆಯಲ್ಲಿ ಒಲೆಯ ಮುಂದೆ ಇದ್ದಾಗ ಮಗಳು ನಡುಮನೆಯ ಹೊಸ್ತಿಲ ಆಚೆ ನಿಂತು ಮೆಲ್ಲಗೆ ಕರೆದಳು. ಒಳಗೆ ಬರಲಿಲ್ಲ.

"ಅವ್ವಾ, ಬಂತು."

"ಏನ ಬಂತು?"

"ಡಾಕ್ಟರ ಬಾಯಿ ಹೇಳಿದ್ದು."

ಮಗಳ ಮುಖದಲ್ಲಿ ನಗು ಇತ್ತು. ಜಿನಮತಿಯ ಮುಖಕ್ಕೂ ಒಂದು ಗಳಿಗೆ ನಗು ಬಂತು. ಮೈ ಸುಧಾರಿಸಿತು, ತನ್ನ ಡಬ್ಬಿಯ ಅನ್ನ ಮಗಳ ಮೈಗೆ ಹತ್ತಿತು! ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆಮೇಲೆ ಅವಳ ಕಣ್ಣು ಒಲೆಯ ಪಕ್ಕದ ನೀರಿನ ಕೊಡದ ಮೇಲೆ ಹೋಯಿತು. ಅನ್ನ, ತೊವ್ವೆ ಎಲ್ಲ ಬೆಂದದ್ದು ಅದೇ ನೀರಲ್ಲಿ. ಸೇದಿ ತರುವಾಗ ಶುರುವಾಗಿತ್ತೋ ಇಲ್ಲವೋ ಯಾರು ಬಲ್ಲರು?

"ಒಳಗಿನ ಖೋಲ್ಯಾಗ ಕುಂಡ್ರು," ಎಂದಳು. "ಹಿತ್ತಲಾಗ ಹೋಗಬ್ಯಾಡ. ಬಸ್ಸಿನ ಹೊತ್ತಿಗೆ ಸೀದಾ ಹೊರಡು. ಯಾರ ಮುಂದೂ ಬಾಯಿ ಬಿಡಬ್ಯಾಡ."

ಇಂಥ ಬೆಳಗು ಅವಳ ಶತ್ರುವಿಗೂ ಬೇಡ. ಬಾಗಿಲಲ್ಲಿ ಗಂಡನ ಎಡಕ್ಕೆ, ಅತ್ತೆಯ ಹಿಂದೆ ನಿಂತು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು: ಸ್ವಾಮೀ, ಇಷ್ಟು ವರ್ಷ ಬಂದಿಲ್ಲ, ಇವತ್ತೂ ಬರಬೇಡಿರಿ. ಸುಂದ್ರವ್ವನ ಮನೆಯಲ್ಲಿ ಕಾಯಿ, ಕಳಶ ಎಲ್ಲ ಇದೆ, ಅಲ್ಲಿ ನಿಲ್ಲಿರಿ. ಮುನಿಗಳು ಆಹಾರಕ್ಕೆ ಹೊರಟ ಗುರುತಾಗಿ ಬಲಗೈ ಹೆಗಲ ಮೇಲಿಟ್ಟುಕೊಂಡು ಓಣಿಯ ತುದಿಯಿಂದ ಬಂದರು. ಹಿಂದೆ ಊರೇ ಬರುತ್ತಿತ್ತು. ಸುಂದ್ರವ್ವನ ಬಾಗಿಲು ದಾಟಿದರು.

"ನಮೋಸ್ತು ಸ್ವಾಮೀ, ನಮೋಸ್ತು, ನಮೋಸ್ತು! ತಿಷ್ಠ, ತಿಷ್ಠ!" ಅಕ್ಕುತಾಯಿ ಕಳಶ ಎತ್ತಿ ಕರೆದಳು.

ಮುನಿಗಳು ನಿಂತರು.

ಅಕ್ಕುತಾಯಿಯ ಕಣ್ಣಿಂದ ನೀರು ಇಳಿಯಿತು. ಮೂವರೂ ಮುನಿಗಳಿಗೆ ಮೂರು ಸುತ್ತು ಬಂದರು. ಇನ್ನು ಒಳಗೆ ಕರೆಯುವ ಮುನ್ನ ಆಹಾರ ಕೊಡುವ ಪ್ರತಿಯೊಬ್ಬರೂ ತಮ್ಮ ಬಾಯಿಂದ ಹೇಳಬೇಕಾದ ಮಾತೊಂದಿತ್ತು. ಭಾವುಸಾಹೇಬರು ಹೇಳಿದರು: ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ. ಅಕ್ಕುತಾಯಿ ಹೇಳಿದಳು. ಎಲ್ಲರೂ ಜಿನಮತಿಯ ಕಡೆ ನೋಡಿದರು.

ಜಿನಮತಿ ಬಾಯಿ ತೆರೆದಳು. ಬಾಗಿಲ ಸಂದಿಯಲ್ಲಿ ಮಗಳ ಕಣ್ಣು ಕಾಣುತ್ತಿತ್ತು. ಹೇಳಿಬಿಡು ಅವ್ವಾ ಎನ್ನುತ್ತಿತ್ತು ಆ ಕಣ್ಣು. ಓಣಿಗೆಲ್ಲ ಸುಳ್ಳು ಹೇಳಿ ಜೀರ್ಣಿಸಿಕೊಂಡವಳಿಗೆ ಇದೊಂದು ಯಾವ ಲೆಕ್ಕ? ಮಧ್ಯಾಹ್ನದವರೆಗೆ, ಬಸ್ಸು ಬರುವವರೆಗೆ ಮಾತ್ರ. ಆದರೆ ಓಣಿ ಬೇರೆ, ಇದು ಬೇರೆ. ಎದುರಿಗೆ ನಿಂತ ಜೀವ ದಿನಕ್ಕೊಂದು ಹೊತ್ತು ಕೈಯೊಡ್ಡುವುದು ಈ ಮಾತೊಂದನ್ನು ನಂಬಿ. ಹುಟ್ಟಿದಂದಿನಿಂದ ಜಿನಮತಿ ಅದನ್ನು ನಂಬಿ ಬದುಕಿದವಳು. "ಮನ ಶುದ್ಧ," ಎಂದಳು. ಮುಂದಿನದು ಬರಲಿಲ್ಲ. ಮತ್ತೆ, "ವಚನ..." ಎಂದಳು.

"ಹೇಳ, ಹೇಳ," ಎಂದು ಅಕ್ಕುತಾಯಿ ಪಿಸುಗುಟ್ಟಿದಳು.

"ನೀರು ಶುದ್ಧ ಇಲ್ರಿ," ಎಂದಳು ಜಿನಮತಿ. "ಹುಡುಗಿ ಹೊರಗಾಗ್ಯಾಳ."

ಮುನಿಗಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೆಗಲ ಮೇಲಿನ ಕೈ ಇಳಿಸಿದರು, ತಿರುಗಿ ಬಂದ ದಾರಿಯಲ್ಲೇ ಬಸದಿಗೆ ನಡೆದರು. ಹೀಗೆ ಅಡ್ಡಿ ಬಂದರೆ ಅಂದು ಅವರ ಉಪವಾಸ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಮ್ಮನೆ ಆಡುತ್ತಾರಲ್ಲ, ಅದನ್ನು ಅಕ್ಕುತಾಯಿ ಅಂದು ಕಣ್ಣಾರೆ ಕಂಡಳು. ಆ ಮುದುಕಿ ಕಳಶ ಹಿಡಿದ ಕೈ ಇಳಿಸಲೇ ಇಲ್ಲ. ಹಾಗೇ ಸೊಸೆಯ ಕಡೆ ತಿರುಗಿದಳು.

"ಹೊರಗ ಆಗ್ಯಾಳ? ಮನ್ನಿಮನ್ನಿ ಮಿಂದ ಎದ್ದಾಳಲ್ಲ?"

ಆ ಪ್ರಶ್ನೆಯನ್ನು ಓಣಿಯೆಲ್ಲ ಕೇಳಿಸಿಕೊಂಡಿತು. ಉತ್ತರ ಕೊಟ್ಟವಳು ಸುಂದ್ರವ್ವ, ಅದೂ ಯಾರಿಗೋ ಅಲ್ಲ, ಗಾಳಿಗೆ. "ಮೂರ ತಿಂಗಳ ಏನೂ ಇಲ್ಲ. ಬಳಿ ಇಡಸೂ ನೆಪಾ ಮಾಡಿ ಚಿಕ್ಕೋಡಿ ದವಾಖಾನಿ ಹೊಕ್ಕದ್ದ ಕಂಡವ್ರ ಅದಾರ. ಅದಾದ ಮ್ಯಾಲ ಒಂದ ತಿಂಗಳದಾಗ ಎರಡ ಸಲ. ಇನ್ನ ಬಿಡಿಸಿ ಹೇಳಬೇಕೇನ್ರಿ?"

ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಣ್ಣು ಹೀಗೆ ಯಾವಾಗ ಎರಡೆರಡು ಸಲ ರಕ್ತ ಕಾಣುತ್ತಾಳೆ, ಯಾವುದನ್ನು ಇಳಿಸಿಕೊಂಡು ಬಂದರೆ ಕಾಣುತ್ತಾಳೆ ಎಂಬುದನ್ನು ಓಣಿಯ ಪ್ರತಿ ಹೆಂಗಸೂ ಬಲ್ಲಳು. ಭಾವುಸಾಹೇಬರು ಕೈಯಲ್ಲಿದ್ದ ಕಾಯಿಯನ್ನು ನೆಲಕ್ಕಿಟ್ಟು ಒಳಗೆ ಹೋದರು. ಜಿನಮತಿ ಅವರ ಹಿಂದೆ ಓಡಿದಳು.

"ಹಂಗಲ್ರಿ, ಮೊದಲಿಂದು ಸುಳ್ಳರಿ! ನಾನ ಕುಂಡ್ರಿಸಿದ್ದೆ. ಆಕೀಗಿ ಆಗಿರಲಿಲ್ರಿ, ಇವತ್ತ ಆಗಿದ್ದ ಖರೇ. ಇದು ಒಳ್ಳೇದರಿ!"

"ಅಂದ್ರ," ಎಂದರು ಭಾವುಸಾಹೇಬರು ನಿಧಾನವಾಗಿ, "ದಸರಾದಿಂದ ಇವತ್ತಿನ ತನಕಾ ಆಗಿರಲೇ ಇಲ್ಲ. ಅದನ್ನ ಮುಚ್ಚಾಕ ಆಟಾ ಕಟ್ಟಿದಿ."

ಜಿನಮತಿ ಡಾಕ್ಟರ ಬಾಯಿ ಹೇಳಿದ್ದನ್ನೆಲ್ಲ ಹೇಳಿದಳು. ಜೋಳದ ಲೆಕ್ಕ, ಹಬ್ಬದ ಖರ್ಚು, ಹೊರದೇಶದ ಓಟಗಾರ್ತಿಯರು. ಹೇಳುತ್ತ ಹೋದಂತೆ ಅವಳ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸತೊಡಗಿತು. ನಿಜ ಹೇಳಿದರೂ ಗುದ್ದು, ಸುಳ್ಳು ಹೇಳಿದರೂ ಗುದ್ದು. ಬೇಕಿದ್ದರೆ ಅವರ ಬಳಿಗೇ ಹೋಗಿ ಕೇಳಿರಿ ಎಂದಳು. ಗಂಡ ಅವಳನ್ನೇ ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಬಹುಶಃ ನಂಬಿದರು ಕೂಡ.

"ನಾ ಒಬ್ಬಾವ ಹೋಗಿ ಕೇಳಿ ಬಂದ್ರ," ಎಂದರು, "ಊರೆಲ್ಲಾ ಬರತೈತೇನು ನನ್ನ ಹಿಂದ? ನಾಳೆ ಆ ಮಾಸ್ತರನ ಸಂಗಾಟ ಬೆಳಗಾವಿಗೆ ಕಳಿಸಿದ್ರ ನಾ ಈ ಓಣ್ಯಾಗ ತಲಿ ಎತ್ತಿ ಅಡ್ಡಾಡೂದು ಹೆಂಗ?"

ಮಧ್ಯಾಹ್ನದ ಬಸ್ಸು ಬಂತು, ಹೋಯಿತು. ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ ಜ್ಞಾನದೇವ ಸರ ಎಷ್ಟು ಹೊತ್ತು ಕಾದರೋ. ಅವರಿಗೆ ಯಾರೂ ಹೇಳಿಕಳಿಸಲಿಲ್ಲ, ಹೇಳಿಕಳಿಸುವಂತೆಯೂ ಇರಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ, ಬೆಳಗಾವಿಯಲ್ಲಿ ಹುಡುಗಿಯರು ಗೆರೆಯ ಮೇಲೆ ನಿಲ್ಲುವ ಹೊತ್ತಿಗೆ, ಜಿನಮತಿ ಹಿತ್ತಿಲಿಗೆ ಹೋದಳು. ಸುಗಂಧಾ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮೇಲಿನಿಂದ ರೊಟ್ಟಿ ಹಾಕಿದರೆ ತಾಟು ಒಡ್ಡಿದಳು, ನೀರು ಹೊಯ್ದರೆ ತಂಬಿಗೆ ಒಡ್ಡಿದಳು. ಅತ್ತಿರಲಿಲ್ಲ. ಅತ್ತಿದ್ದರೆ ಜಿನಮತಿಗೆ ಸುಲಭವಾಗುತ್ತಿತ್ತು.

"ನಾ ಹೆಂಗ ಹೇಳಲಿ ಸುಗಂಧಾ? ಆ ಮಾತು ನನ್ನ ಬಾಯಿಂದ ಹೆಂಗ ಬರಬೇಕು?"

"ನೀ ಹೇಳಾಕ ಆಗೂದಿಲ್ಲಂತ ನನಗ ಗೊತ್ತಿತ್ತ ಅವ್ವಾ."

ಜಿನಮತಿ ತಡೆಯಲಾರದೆ ಮಗಳ ತಲೆಯ ಕಡೆ ಕೈ ಚಾಚಿದಳು. ಸುಗಂಧಾ ಹಿಂದೆ ಸರಿದು ಗೋಡೆಗೆ ಒರಗಿದಳು.

"ಮುಟ್ಟಬ್ಯಾಡ. ನಿನಗ ಮತ್ತ ಮೈ ತೊಳಕೊಳ್ಳೂದು ಆಗತೈತಿ."

ಒಳಗಿನಿಂದ ಅಕ್ಕುತಾಯಿ ಕರೆದಳು. ಜಿನಮತಿ ಕೈ ಹಿಂದಕ್ಕೆ ತೆಗೆದುಕೊಂಡು ಹೋದಳು.

ಬೇಸಿಗೆಗೆ ತೆಲಸಂಗದವರು ಬಂದು ನೋಡಿ ಒಪ್ಪಿ ಹೋದರು. ದೂರದವರು, ಈ ಕಡೆಯ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಹುಡುಗಿ ಮನೆಯಲ್ಲೇ ಇದ್ದು, ಹೊತ್ತು ಮುಳುಗುವ ಮುನ್ನ ಹೊಟ್ಟೆ ತುಂಬ ಉಂಡು, ಮೈಕೈ ತುಂಬಿಕೊಂಡಿದ್ದಳು. ಜನವರಿಯಿಂದ ಒಂದು ತಿಂಗಳೂ ತಪ್ಪದೆ ಕಟ್ಟೆಯ ಮೇಲೆ ಕೂತಳು. ಡಾಕ್ಟರ ಬಾಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಓಡುವುದಕ್ಕೆ ಅವಳ ಮೈಯಲ್ಲಿ ಈಗ ಯಾವ ತೊಂದರೆಯೂ ಇರಲಿಲ್ಲ.